ಬೋಳು ಕಲ್ಲಿಗೆ ಬಾಲ ಕಟ್ಟಿದ ಅತ್ತೆ

ಸಂಬಂಧವೇ ಇಲ್ಲದ ಎರಡು ವಿಷಯಗಳನ್ನು ಜೋಡಿಸುವವರನ್ನು 'ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕಬೇಡ' ಎಂದು ಗದರುವುದುಂಟು. ನಮ್ಮ ಅತ್ತೆಯನ್ನು ಮಾತ್ರ ಯಾರೂ ಹಾಗೆ ಗದರುವಂತಿರಲಿಲ್ಲ. ಬೋಳು ತಲೆಗೆ ಗಂಟು ಹಾಕುವುದೇ ಅವರ ಕಸುಬು. ಮೊಣಕಾಲಿನ ವಿಷಯ ಆಮೇಲೆ ಹೇಳುತ್ತೇನೆ.

ಅತ್ತೆ ಎಂದರೆ ನಮ್ಮಪ್ಪನ ತಂಗಿ, ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದವರು. ವಿಗ್ ಮಾಡುವವರು. ನಾಟಕದವರ ಬಾಯಲ್ಲಿ ಅದು ಟೋಪನ್ನು. ಹಾಗಾಗಿ ಇಡೀ ಬೀದಿಗೆ ಅವರು ಟೋಪನ್ ಅತ್ತೆ. ನಮ್ಮಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವರು. ತಂಗಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಅವಳಾ? ಊರಿಗೆಲ್ಲ ಟೋಪಿ ಹಾಕ್ತಾಳೆ. ದೊಡ್ಡ ದೊಡ್ಡವರ ಜುಟ್ಟೇ ಅವಳ ಕೈಲಿದೆ" ಎನ್ನುತ್ತಿದ್ದರು. ಎರಡು ಮಾತೂ ಅಕ್ಷರಶಃ ನಿಜವಾಗಿದ್ದರಿಂದ ಅತ್ತೆಗೆ ಕೋಪ ಬರುತ್ತಿರಲಿಲ್ಲ.

ಅವರ ಕೆಲಸದ ಕೋಣೆ ಒಂದು ಕನ್ನಡಕದಂಗಡಿಯ ಮೇಲಿತ್ತು. ಅದಕ್ಕೆ ಎರಡು ಮೆಟ್ಟಿಲು: ಬೀದಿಯ ಕಡೆಯದೊಂದು, ಅಂಗಡಿಯ ಹಿಂದಿನದೊಂದು. ಗಿರಾಕಿಗಳು ಬೀದಿಯದನ್ನು ತುಳಿದವರಲ್ಲ. ಕನ್ನಡಕ ಕೊಳ್ಳುವವರಂತೆ ಒಳಹೊಕ್ಕು, ಹಿಂಬದಿಯಿಂದ ಮೇಲೇರಿ, ಹತ್ತು ವರ್ಷ ಕಿರಿಯರಾಗಿ ಇಳಿದು ಬರುತ್ತಿದ್ದರು. ಆ ಅಂಗಡಿಯ ಕನ್ನಡಕದಿಂದ ಜನಕ್ಕೆ ಇಷ್ಟು ಕಳೆ ಬರುತ್ತದಲ್ಲ ಎಂದು ಎದುರಂಗಡಿಯವನು ಆಶ್ಚರ್ಯಪಡುತ್ತಿದ್ದನಂತೆ.

ಮೇಲೆ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಮರದ ತಲೆಗಳು. ಒಬ್ಬೊಬ್ಬ ಗಿರಾಕಿಗೂ ಅವರ ಅಳತೆಯದೇ ತಲೆ. ಹೆಸರು ಬರೆಯುವಂತಿಲ್ಲವಾದ್ದರಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿರುತ್ತಿದ್ದರು: 'ಬ್ಯಾಂಕು', 'ಹಾರ್ಮೋನಿಯಂ', 'ಎರಡನೇ ಮದುವೆ'. ಅತ್ತೆ ಕಿಟಕಿಯ ಪಕ್ಕ ಕೂತು, ತೊಡೆಯ ನಡುವೆ ಒಂದು ತಲೆ ಇಟ್ಟುಕೊಂಡು, ಅದರ ಮೇಲೆ ಬಿಗಿದ ಸಣ್ಣ ಬಲೆಯ ಒಂದೊಂದು ಕಣ್ಣಿಗೂ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲು ಎಳೆದು ಗಂಟು ಹಾಕುತ್ತಿದ್ದರು. ಬುಡ ಯಾವುದು ತುದಿ ಯಾವುದು ಎಂದು ಬೆರಳಲ್ಲಿ ಸವರಿಯೇ ಹೇಳುತ್ತಿದ್ದರು. ತಲೆಬುಡ ಗೊತ್ತಿಲ್ಲದೆ ಕೆಲಸ ಮಾಡಿದರೆ ವಾರದಲ್ಲಿ ಸಿಕ್ಕುಗಟ್ಟುತ್ತದೆ ಎನ್ನುವುದು ಅವರ ಶಾಸ್ತ್ರ.

ಬರೀ ಕೂದಲು ಕೂರಿಸಿದರೆ ಮುಗಿಯಲಿಲ್ಲ. ಕೂದಲಿಗೂ ವಯಸ್ಸಾಗಬೇಕಲ್ಲ? ಪ್ರತಿ ವರ್ಷ ಕಿವಿಯ ಹತ್ತಿರ ಒಂದಿಷ್ಟು ಬಿಳಿ ಕೂದಲು ಸೇರಿಸುತ್ತಿದ್ದರು. ಜಾಣ ಗಿರಾಕಿಗೆ ಎರಡು ವಿಗ್, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದನ್ನು ಹಾಕಿಕೊಂಡು "ಕಟಿಂಗ್ ಮಾಡಿಸ್ಬೇಕು ಕಣ್ರೀ" ಎಂದು ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಹೇಳುವುದು, ಮರುದಿನ ಗಿಡ್ಡದ್ದನ್ನು ಹಾಕಿಕೊಂಡು ಹೋಗುವುದು. ನಾಟಕ ಕಂಪನಿಗಳು ನಿಂತುಹೋದರೂ ಅತ್ತೆಯ ಟೋಪನ್ನು ನಿಲ್ಲಲಿಲ್ಲ.

ಇದರಲ್ಲೆಲ್ಲ ಒಂದೇ ಕೊರತೆ. ಒಳ್ಳೆಯ ವಿಗ್ ಎಂದರೆ ವಿಗ್ ಎಂದು ಯಾರಿಗೂ ಗೊತ್ತಾಗದ ವಿಗ್. ಅತ್ತೆ ಕೈಚಳಕ ತೋರಿಸಿದಷ್ಟೂ ಅವರ ಕೈ ಕಾಣದಾಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲೇ 'ಬ್ಯಾಂಕು' ಕೂತಿದ್ದರು. ಪಕ್ಕದವರು, "ಏನ್ ಸಾರ್ ಈ ವಯಸ್ಸಲ್ಲೂ ಇಂಥ ಕೂದಲು! ದೇವರು ಕೊಟ್ಟಿದ್ದು ಬಿಡಿ" ಎಂದರು. ಅತ್ತೆ ಕಿಟಕಿಯಾಚೆ ನೋಡುತ್ತ, "ದೇವರು ಕೊಟ್ಟಿದ್ದಂತೆ! ಮೂರು ತಿಂಗಳು ಬೆನ್ನು ಬಗ್ಗಿಸಿ ಕೂತಿದ್ದು ದೇವರಾ?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಮನೆಯಲ್ಲಿ ಅಜ್ಜಿ ಬೇರೆ. ಮಗನ ಬೋರ್ಡುಗಳನ್ನು ತೋರಿಸಿ ಮಗಳನ್ನು ಚುಚ್ಚುವುದು ಅವರ ಸಂಜೆಯ ವ್ಯಾಯಾಮ.

"ನಿಮ್ಮಣ್ಣ ನೋಡು, ಪ್ರತಿ ಬೋರ್ಡಿನ ಮೂಲೇಲೂ ತನ್ನ ಹೆಸರು ಬರ್ಕೊಂಡಿದಾನೆ. ನೀನು ಯಾವುದಾದ್ರೂ ನೆತ್ತಿ ಮೇಲೆ ಸಹಿ ಹಾಕೋಕಾಗುತ್ತಾ?"

"ಸಾಯೋದ್ರೊಳಗೆ ಒಂದೇ ಒಂದು ಸಲ ಹತ್ತು ಜನದ ಮುಂದೆ 'ಇದು ನಾನು ಮಾಡಿದ್ದು' ಅಂತ ಅನ್ನಿಸ್ಕೋತೀನಿ ನೋಡ್ತಿರು" ಎನ್ನುತ್ತಿದ್ದರು ಅತ್ತೆ.

"ನೀನು ಸಾಯೋದ್ರೊಳಗಾ? ನಾನು ಸಾಯೋದ್ರೊಳಗೆ ಮಾಡು" ಎನ್ನುತ್ತಿದ್ದರು ಅಜ್ಜಿ.

ಇನ್ನು ಮರದ ತಲೆಗಳ ಸಾಲಿನಲ್ಲಿ ಎಲ್ಲಕ್ಕಿಂತ ಚೆಂದದ ಅಲೆಗೂದಲಿನ ತಲೆ 'ಚುಕ್ಕಿ'. ಅದು ಊರಿನ ತಾರಾಲಯದ ಮೇಷ್ಟ್ರದು. ಗುಮ್ಮಟದ ಕೆಳಗೆ ನಿಂತು, ಕತ್ತಲೆಯಲ್ಲಿ ಜನಕ್ಕೆ ಆಕಾಶ ವಿವರಿಸುವುದು ಅವರ ಕೆಲಸ. ಮದುವೆಯಾಗಿರಲಿಲ್ಲ. ಕತ್ತಲಲ್ಲಿ ಕೆಲಸ ಮಾಡುವವರಿಗೆ ಕೂದಲೇಕೆ ಎಂದು ನೀವು ಕೇಳಬಹುದು. ಆಟ ಮುಗಿದ ಮೇಲೆ ದೀಪ ಹಾಕುತ್ತಾರಲ್ಲ, ಅದಕ್ಕೆ. ಅವರು ವಿಗ್ ಸರಿಮಾಡಿಸಲು ಆಗಾಗ ಬರುತ್ತಿದ್ದರು. ಕೆಳಗಿನ ಅಂಗಡಿಯವನಿಗೆ ಹೇಳುತ್ತಿದ್ದ ನೆಪ, 'ಕನ್ನಡಕ ಸಡಿಲ ಆಗಿದೆ'. ಭೂಮಂಡಲದಲ್ಲಿ ಅಷ್ಟು ಸಲ ಸಡಿಲವಾದ ಕನ್ನಡಕ ಇನ್ನೊಂದಿರಲಾರದು.

ಒಂದು ದಿನ ಮೇಷ್ಟ್ರಿಂದ ಫೋನು ಬಂತು. ಆಫೀಸಿನಿಂದ ಮಾಡಿದ್ದರಿಂದ 'ವಿಗ್' ಎಂಬ ಮಾತನ್ನು ಅಕ್ಕಪಕ್ಕದವರಿಗೆ ಕೇಳಿಸದಂತೆ ಗಂಟಲಲ್ಲೇ ಹೇಳಿ, ಮಿಕ್ಕಿದ್ದನ್ನು ಜೋರಾಗಿ ಹೇಳಿದ್ದಾರೆ. ಫೋನ್ ಎತ್ತಿದವರು ಅಜ್ಜಿ. ಅವರು ಬಂದು ವರದಿ ಒಪ್ಪಿಸಿದರು:

"ತಾರಾಲಯದಲ್ಲಿ ವಿಗ್ರಹಕ್ಕೆ ಕೂದಲು ಬೇಕಂತೆ ಕಣೇ. ಅಳತೆಗೆ ಬರಬೇಕಂತೆ."

"ವಿಗ್ರಹಕ್ಕಾ? ಯಾರದು ವಿಗ್ರಹ?"

"ಯಾರೋ ದೊಡ್ಡವರದ್ದೇ ಇರ್ಬೇಕು. ಬೋಳುತಲೆ ವಿಜ್ಞಾನಿಗಳಿಗೇನು ಬರವೇ?"

ಅತ್ತೆಯ ಮುಖ ಅರಳಿತು. ವಿಗ್ರಹ ಎಂದರೆ ಎಲ್ಲರೂ ನೋಡುವುದು. ಅದಕ್ಕೆ ಕೂದಲು ಹುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಹಾಗಾದರೆ ಯಾರು ಮಾಡಿದ್ದೆಂದು ಜನ ಕೇಳಲೇಬೇಕು! ಟೇಪು, ಬಲೆ, ಪೆನ್ಸಿಲ್ ಚೀಲಕ್ಕೆ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು.

ತಾರಾಲಯದ ಹಿಂಭಾಗದ ಶೆಡ್ಡಿನಲ್ಲಿ ಬಡಗಿಯೊಬ್ಬರು ಕರಿ ಬಣ್ಣ ಬಳಿಯುತ್ತಿದ್ದರು. ಬಳಿಸಿಕೊಳ್ಳುತ್ತಿದ್ದದ್ದು ತಂತಿಬಲೆ, ಕಾಗದ, ಗಾರೆಯಿಂದ ಮಾಡಿದ, ನಾಲ್ಕು ಆಳು ತಬ್ಬುವಷ್ಟು ದೊಡ್ಡ, ಸೊಟ್ಟ ಆಲೂಗಡ್ಡೆಯಂಥ ಒಂದು ಗಡ್ಡೆ.

"ವಿಗ್ರಹ ಎಲ್ಲಿದೆ?" ಎಂದರು ಅತ್ತೆ.

"ಯಾವ ವಿಗ್ರಹ? ಇಲ್ಲಿರೋದು ಇದೊಂದೇ."

ಅತ್ತೆ ಗಡ್ಡೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕೊನೆಗೆ ಟೇಪು ಬಿಚ್ಚಿ, "ಇದರ ಮುಖ ಯಾವ ಕಡೆ?" ಎಂದರು.

"ಮಾಡಿದೋನು ನಾನೇ ಕಣಮ್ಮ. ನನಗೇ ಗೊತ್ತಿಲ್ಲ."

ಅಷ್ಟರಲ್ಲಿ ಮೇಷ್ಟ್ರು ಓಡಿಬಂದರು. ಹಿಂದೆಯೇ ತಾರಾಲಯದ ನಿರ್ದೇಶಕಿ ಮೇಡಂ. ಮೇಷ್ಟ್ರು ಅತ್ತೆಯನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವವರಂತೆ ನೋಡಿ, "ಮೇಡಂ, ಇವರು... ಒಬ್ಬರು ಹೊಲಿಗೆಯವರು. ಯಾರೋ ಹೇಳಿದ್ರು" ಎಂದರು.

ಅತ್ತೆ ಅವರ ಹಣೆಯಂಚಿನ ಕೂದಲಿನತ್ತ ಒಮ್ಮೆ ನೋಡಿದರು. ಟೇಪು ಸುತ್ತತೊಡಗಿದರು. ಗಿರಾಕಿಯ ಗುಟ್ಟು ಬಿಡಬಾರದೆನ್ನುವುದು ಅವರ ಕಸುಬಿನ ಮೊದಲ ಗಂಟು.

ಆಗ ತಿಳಿಯಿತು: ಬೇಕಾದದ್ದು ವಿಗ್ರಹಕ್ಕಲ್ಲ, ಗ್ರಹಕ್ಕೆ; ಅದೂ ಕ್ಷುದ್ರಗ್ರಹಕ್ಕೆ. ಭೂಮಿಯ ಹಾದಿಯ ಹತ್ತಿರವೇ ಸುಳಿದು ಹೋಗುವ ಇಂಥ ಕಲ್ಲುಗಳ ಪ್ರದರ್ಶನವೊಂದನ್ನು ತಾರಾಲಯದವರು ಏರ್ಪಡಿಸಿದ್ದರು.

"ನೋಡಿ, ಆಕಾಶದಲ್ಲಿ ಎರಡು ಜಾತಿ ಅಂತ ನಾವು ಹೇಳ್ಕೊಂಡು ಬಂದಿದ್ವಿ" ಎಂದು ಮೇಷ್ಟ್ರು ವಿವರಿಸಿದರು. "ಬೋಳು ಕಲ್ಲಾದ್ರೆ ಕ್ಷುದ್ರಗ್ರಹ. ಮಂಜು, ಧೂಳು, ಹಿಂದೊಂದು ಬಾಲ ಇದ್ರೆ ಧೂಮಕೇತು, ಬಾಲಚುಕ್ಕಿ. ಆದ್ರೆ ಕೆಲವು ಕಲ್ಲುಗಳು ಎರಡಕ್ಕೂ ಸೇರಲ್ಲ. ನೋಡೋಕೆ ಬೋಳು. ಓಡಾಡೋ ದಾರಿ ಮಾತ್ರ ಬಾಲಚುಕ್ಕಿಯದ್ದು. ಸೂರ್ಯನ ಹತ್ತಿರ ನುಗ್ಗಿ, ಮತ್ತೆ ದೂರ ಹೋಗೋ ಉದ್ದನೆ ದಾರಿ. ಬಣ್ಣ ಇದ್ದಿಲಿನ ಥರ. ಕೆಲವು ಸೂರ್ಯನ ಹತ್ತಿರ ಬಂದಾಗ ಒಂಚೂರು ಧೂಳು ಬಿಟ್ಟು, ತೆಳ್ಳಗೆ ಬಾಲ ತೋರಿಸಿ, ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಇದ್ದುಬಿಡುತ್ವೆ."

"ಸೂರ್ಯನ ಹತ್ತಿರ ಹೋದಾಗಲೇ ಬಾಲ ಬಿಚ್ಚುತ್ವೆ ಅನ್ನಿ" ಎಂದರು ಬಡಗಿ.

"ಯಾಕೆ ಹೀಗೆ?" ಎಂದರು ಅತ್ತೆ.

"ಖಚಿತವಾಗಿ ಗೊತ್ತಿಲ್ಲ. ಕೆಲವು ಹಿಂದೆ ಬಾಲಚುಕ್ಕಿಗಳೇ ಆಗಿದ್ದು, ಸೂರ್ಯನ ಸುತ್ತ ತಿರುಗಿ ತಿರುಗಿ ಮಂಜೆಲ್ಲ ಖಾಲಿಯಾಗಿರಬಹುದು ಅಂತ ಊಹೆ."

"ಅಂದ್ರೆ ಕೂದಲು ಉದುರಿದೆ" ಎಂದರು ಅತ್ತೆ, ಮೇಷ್ಟ್ರ ತಲೆಯನ್ನೇ ನೋಡುತ್ತ. ಮೇಷ್ಟ್ರು ಕೆಮ್ಮಿದರು.

ನನಗೆ ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳಿದ್ದು ನೆನಪಾಯಿತು: ಕಾಮೆಟ್ ಎಂಬ ಮಾತಿಗೆ ಗ್ರೀಕರಲ್ಲಿ 'ಉದ್ದ ಕೂದಲಿನದು' ಎಂದು ಅರ್ಥ. ಅಲ್ಪವಿರಾಮದ ಕಾಮಾ ಬೇರೆ, ಕಾಮೆಟ್ ಬೇರೆ ಎಂದು ಕಿವಿ ಹಿಂಡಿ ಕಲಿಸಿದ್ದರು. ಅಂತೂ ಕೆಲಸ ಸರಿಯಾದವರ ಕೈಗೇ ಬಂದಿತ್ತು.

ಆದರೆ ಮೇಡಂ ಒಂದು ಷರತ್ತು ಹಾಕಿದರು. "ಜನ ಮೊದಲು ಬೋಳು ಕಲ್ಲನ್ನೇ ನೋಡಬೇಕು. ಬಾಲ ಇರಬೇಕು, ಕಾಣಬಾರದು. ಸೂರ್ಯನ ದೀಪ ಹಾಕಿದಾಗ ಮಾತ್ರ ಕಾಣಬೇಕು."

ಸ್ಕೂಟರಿನಲ್ಲಿ ವಾಪಸು ಬರುವಾಗ ಅತ್ತೆ ನನ್ನ ಬೆನ್ನಿಗೆ ಹೇಳಿದರು: "ನನ್ನ ಗ್ರಹಚಾರ ನೋಡು. ಆಕಾಶಕ್ಕೆ ಏಣಿ ಹಾಕಿದ್ರೂ ನನ್ನ ಪಾಲಿಗೆ ಅದೇ ಮಾತು. ಕಾಣಬಾರದು!"

ಹಾಗಂತ ಕೈಬಿಟ್ಟವರಲ್ಲ. ವಿಗ್‌ಗಳಿಗೆ ವಯಸ್ಸು ತುಂಬಲು ಕೂಡಿಟ್ಟಿದ್ದ ಬಿಳಿ ಕೂದಲನ್ನೆಲ್ಲ ಹೊರತೆಗೆದರು. ಕರಿಯ ಗೋಡೆಯ ಮುಂದೆ, ಮಂಕು ಬೆಳಕಿನಲ್ಲಿ, ಬಿಡಿಬಿಡಿಯಾದ ಬಿಳಿ ಕೂದಲು ಕಾಣುವುದಿಲ್ಲ. ಪಕ್ಕದಿಂದ ಬೆಳಕು ಬಿದ್ದರೆ ಹೊಗೆಯ ಹಾಗೆ ಹೊಳೆಯುತ್ತದೆ. ಕಲ್ಲಿನ ಅಳತೆಯ ಬಲೆಯನ್ನು ತಮ್ಮ ಕೋಣೆಯಲ್ಲೇ ಹರಡಿಕೊಂಡು, ಒಂದೊಂದಾಗಿ ಗಂಟು ಹಾಕುತ್ತ, ತುದಿಗೆ ಹೋದಂತೆ ತೆಳುವಾಗಿಸುತ್ತ ಹೋದರು. ಕಲ್ಲು ಹೋಗುವ ದಿಕ್ಕಿಗೆ ಬೆನ್ನ ಹಿಂದೆ, ಓಡುವ ಹುಡುಗಿಯ ಜಡೆಯ ಹಾಗೆ, ಸೊಗಸಾದ ಬಾಲ ಕೂತಿತು. ನೋಡಲು ಬಂದ ಮೇಷ್ಟ್ರು ತಲೆ ಕೆರೆದುಕೊಳ್ಳಲು ಹೋಗಿ, ವಿಗ್ ನೆನಪಾಗಿ ಕೈ ಇಳಿಸಿದರು.

"ತಪ್ಪಾಯ್ತಲ್ರೀ. ಬಾಲ ಹಿಂದಕ್ಕಲ್ಲ, ಸೂರ್ಯನಿಂದ ಆಚೆಗೆ ಇರ್ಬೇಕು. ಕಲ್ಲು ಎತ್ತ ಓಡಿದ್ರೂ ಅಷ್ಟೇ."

"ಮೊದಲೇ ಹೇಳೋಕೇನಾಗಿತ್ತು?"

"ನೀವು ಕೇಳಲಿಲ್ಲ."

"ಮಕ್ಕಳಿಗೆ ಬಾಲ ಬಿಚ್ಚಬೇಡಿ ಅಂತಾರೆ. ನೀವು ಬಿಚ್ಚಿ ಅಂತೀರಿ" ಎಂದು ಗೊಣಗುತ್ತಲೇ ಅತ್ತೆ ಗಂಟು ಬಿಚ್ಚತೊಡಗಿದರು. ಮೇಷ್ಟ್ರು ಎದುರು ಕೂತು, ಬಿಚ್ಚಿದ ಕೂದಲನ್ನು ಬುಡ ಒಂದು ಕಡೆ, ತುದಿ ಒಂದು ಕಡೆ ಜೋಡಿಸಿಕೊಟ್ಟರು. ಆಮೇಲಿನ ಸಂಜೆಗಳಲ್ಲೂ ಬಂದರು. ಕನ್ನಡಕದ ನೆಪ ಹೇಳುವುದನ್ನು ಮರೆತೇಬಿಟ್ಟಿದ್ದರು.

ಅಂಥ ಒಂದು ಸಂಜೆ ಅತ್ತೆ ತಲೆಯೆತ್ತದೆ ಕೇಳಿದರು:

"ಬಾಗಿಲ ಹತ್ತಿರ ಬೋರ್ಡು ಹಾಕ್ತಾರಂತಲ್ಲ, ಯಾರ್ಯಾರು ಏನೇನು ಮಾಡಿದ್ರು ಅಂತ. ಅದರಲ್ಲಿ ನಾನು ಬರ್ಬೇಕು. ಹೊಲಿಗೆಯವರು ಅಂತಲ್ಲ. ವಿಗ್ ಮಾಡೋರು ಅಂತಲೇ."

ಮೇಷ್ಟ್ರ ಕೈ ನಿಂತಿತು. "ವಿಗ್ ಅಂದ್ರೆ ನಿಮಗೆ ಅವರು ಹೇಗೆ ಗೊತ್ತು ಅಂತ ಮೇಡಂ ಮೊದಲು ಕೇಳೋದು ನನ್ನನ್ನ..."

"ಹೂಂ."

"ಇಪ್ಪತ್ತು ವರ್ಷದಿಂದ ಯಾರಿಗೂ..."

"ಗೊತ್ತು. ಗೊತ್ತಾಗದ ಹಾಗೆ ಮಾಡಿದ್ದು ನಾನೇ ಅಲ್ವಾ? ಬಿಡಿ. ನಿಮ್ಮ ತಲೆ ನಿಮ್ಮದು."

"ಅರ್ಧ ನಿಮ್ಮದೇ" ಎಂದರು ಮೇಷ್ಟ್ರು, ಬಹಳ ಮೆಲ್ಲಗೆ.

ಬೋರ್ಡು ಬರೆಯುವ ಕೆಲಸ ನಮ್ಮಪ್ಪನಿಗೇ ಸಿಕ್ಕಿತ್ತು. ಮೇಡಂ ಬರೆಸಿದ್ದು ಹೀಗೆ: 'ಕಲ್ಲು: ತಾರಾಲಯದ ಬಡಗಿ. ಬಾಲ: ಹೊರಗಿನಿಂದ ತರಿಸಿದ್ದು.' ಅಪ್ಪ ಮನೆಗೆ ಬಂದು ಕುಂಚ ತೊಳೆಯುತ್ತ, "ಅದರ ಕೆಳಗೆ ಒಂದು ಸಾಲಿನ ಜಾಗ ಬಿಟ್ಟಿದೀನಿ" ಎಂದಷ್ಟೇ ಹೇಳಿದರು. ಅತ್ತೆ ಕೇಳಿಸಲಿಲ್ಲವೆಂಬಂತೆ ಒಳಗೆ ಹೋದರು.

ಉದ್ಘಾಟನೆಗೆ ನಾವೆಲ್ಲ ಹೋದೆವು. ಗುಮ್ಮಟದ ತುಂಬ ಜನ. ಅತ್ತೆ ಮೂರನೇ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತರು. ದೀಪ ಮಂಕಾಯಿತು. ಮೇಲೆ ಕರಿಯ ಕಲ್ಲು ತೂಗುತ್ತಿತ್ತು.

"ಅಯ್ಯೋ, ಇಷ್ಟೇನಾ? ಆಲೂಗಡ್ಡೆ!" ಎಂದು ಹಿಂದಿನಿಂದ ಯಾರೋ ನಕ್ಕರು.

ಮೇಷ್ಟ್ರ ದನಿ ಶುರುವಾಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುವ ಹಾಗೆ ದೂರದ ಕಲ್ಲೂ ನುಣ್ಣಗೆ ಕಾಣುತ್ತದೆ. ಬೋಳೆಂದು ಬರೆದಿಟ್ಟುಕೊಂಡ ಮೇಲೂ ಮತ್ತೆ ಮತ್ತೆ ನೋಡುತ್ತಿರಬೇಕು ಎಂದರು. ಹಾಗೆನ್ನುತ್ತಲೇ ಪಕ್ಕದಲ್ಲಿ ಸೂರ್ಯನ ದೀಪ ಹತ್ತಿತು.

ಕಲ್ಲಿನ ಆಚೆ ಬದಿಯಿಂದ, ಇಲ್ಲದ ಕಡೆಯಿಂದಲೇ ಎದ್ದು ಬಂದ ಹಾಗೆ, ಒಂದು ಬೆಳ್ಳನೆಯ ಉಸಿರು ಚಾಚಿಕೊಂಡಿತು. ಗುಮ್ಮಟದ ಗಾಳಿಗೆ ತುದಿ ಮಾತ್ರ ಅಲುಗುತ್ತಿತ್ತು. ಆಲೂಗಡ್ಡೆ ಎಂದವರ ಬಾಯಿಂದಲೇ "ಓ..." ಹೊರಟಿತು. ದೀಪ ಆರಿತು, ಬಾಲ ಮಾಯ. ಮತ್ತೆ ಹತ್ತಿತು, ಮತ್ತೆ ಬಂತು. ಜನ ಚಪ್ಪಾಳೆ ತಟ್ಟಿ ತಟ್ಟಿ ಅದನ್ನು ಮೂರು ಸಲ ಬರಿಸಿದರು.

ಎಲ್ಲ ದೀಪ ಹಾಕಿದ ಮೇಲೆ ಒಬ್ಬ ಹೆಂಗಸು ಎದ್ದು, "ಆ ಬಾಲ ಯಾರು ಮಾಡಿದ್ದು ಮೇಡಂ?" ಎಂದು ಕೇಳಿದರು.

"ಅದು ಹೊರಗಿನಿಂದ ತರಿಸಿದ್ದು" ಎಂದರು ಮೇಡಂ.

"ಹೊರಗಿನಿಂದ ಅಂದ್ರೆ, ಹೊರದೇಶದಿಂದಾನಾ?"

ಮೇಡಂಗೆ ಆ ಊಹೆ ಹಿಡಿಸಿರಬೇಕು. ಅಲ್ಲ ಎನ್ನದೆ ಮುಗುಳ್ನಕ್ಕರು.

"ನಮ್ಮನೆ ಯಾವಾಗಿಂದ ಹೊರದೇಶ ಆಯ್ತೇ?" ಎಂದು ಅಜ್ಜಿ ಪಿಸುಗುಟ್ಟಿದರು. ಅಜ್ಜಿಯ ಪಿಸುಮಾತು ನಾಲ್ಕು ಸಾಲಿಗೆ ಕೇಳಿಸುತ್ತದೆ. ಅತ್ತೆ ಅವರ ಕೈ ಅದುಮಿ ಸುಮ್ಮನಾಗಿಸಿ, ತಲೆ ತಗ್ಗಿಸಿ ಕೂತರು. ಈಗ ಎದ್ದು 'ನಾನು, ವಿಗ್ ಮಾಡುವವಳು' ಎಂದರೆ ಮುಗಿಯುತ್ತಿತ್ತು. ಅವರು ಏಳುವವರಲ್ಲ ಎಂದು ನನಗೆ ಗೊತ್ತಿತ್ತು. ಮೈಕಿನ ಮುಂದೆ ನಿಂತವರಿಗೂ ಗೊತ್ತಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಎರಡೂ ಕೈ ಮೇಲೆತ್ತಿ, ಟೋಪಿ ತೆಗೆಯುವಷ್ಟೇ ಸಲೀಸಾಗಿ, ಕೂದಲು ತೆಗೆದರು.

ಗುಮ್ಮಟ ಉಸಿರು ಎಳೆದುಕೊಂಡ ಸದ್ದು ನನಗೆ ಇವತ್ತಿಗೂ ನೆನಪಿದೆ. ಒಬ್ಬರಿಗೂ ಗೊತ್ತಿರಲಿಲ್ಲ! ಒಬ್ಬರಿಗೂ! ಅತ್ತೆ ಥಟ್ಟನೆ ತಲೆಯೆತ್ತಿದರು. ಆ ಸದ್ದಿಗಿಂತ ದೊಡ್ಡ ಪ್ರಶಸ್ತಿ ಅವರ ಕಸುಬಿನಲ್ಲಿಲ್ಲ.

"ಈ ಕಲ್ಲನ್ನ ಬೋಳು ಅಂದ್ಕೊಂಡಿದ್ರಿ, ಬಾಲ ಇತ್ತು" ಎಂದರು ಮೇಷ್ಟ್ರು, ದೀಪದ ಕೆಳಗೆ ಮಿರಮಿರ ಮಿಂಚುತ್ತ. "ನಂದು ಉಲ್ಟಾ. ಕೂದಲಿದೆ ಅಂದ್ಕೊಂಡಿದ್ರಿ, ಬೋಳು. ಎರಡು ಕಡೇನೂ ಕೆಲಸ ಮಾತ್ರ ಒಂದೇ ಕೈಯದು. ಹೊರದೇಶದ್ದಲ್ಲ. ಅಗೋ, ಮೂರನೇ ಸಾಲು, ನೀಲಿ ಸೀರೆ."

ಮೊದಲು ಬಾಯಿ ಬಿಟ್ಟವರು ಮೇಡಂ. "ಅಲ್ರೀ, ಬಾದಾಮಿ ಎಣ್ಣೆ ಹಚ್ಚಿ ಅಂತ ನನಗೆ ಹೇಳಿದ್ರಲ್ಲ! ನಾಲ್ಕು ವರ್ಷದಿಂದ ಹಚ್ತಿದೀನಿ!"

ಆ ನಗುವಿಗೆ ಕಲ್ಲು ಕೂಡ ಅಲುಗಿತು. ಜನ ಅತ್ತೆಯನ್ನು ಮುತ್ತಿಕೊಂಡರು. ಹೇಗೆ ಮಾಡಿದಿರಿ, ಕೈ ತೋರಿಸಿ, ಸೂಜಿ ಎಂಥದ್ದು ಎಂದು ಒಂದೇ ಸಮ ಪ್ರಶ್ನೆ. ಅಲ್ಲಲ್ಲಿ ಕೆಲವು ಗಂಡಸರು ಮಾತ್ರ ಗುಮ್ಮಟದ ಸೀಲಿಂಗನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತ ನಿಂತಿದ್ದರು. ಅವರಲ್ಲಿ ಬ್ಯಾಂಕೂ ಇದ್ದರು. ಅತ್ತೆ ಅವರ ಕಡೆ ಅಪ್ಪಿತಪ್ಪಿಯೂ ಕಣ್ಣು ಹಾಯಿಸಲಿಲ್ಲ.

"ಇದು ನಾನು ಮಾಡಿದ್ದು" ಎಂದು ಅತ್ತೆ ಯಾರಿಗೋ ಹೇಳಿದರು. ಹೇಳಿದ ಮೇಲೆ ರುಚಿ ಸಿಕ್ಕಿದವರಂತೆ ಇನ್ನೊಬ್ಬರಿಗೂ ಹೇಳಿದರು. ಅಷ್ಟು ಹೊತ್ತಿಗೆ ಅಪ್ಪ ಜೇಬಿನಿಂದ ಸಣ್ಣ ಕುಂಚ, ಬಣ್ಣದ ಡಬ್ಬಿ ತೆಗೆದು ಬಾಗಿಲಿಗೆ ಹೋಗಿದ್ದರು. ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಈಗ 'ಟೋಪನ್ ಅತ್ತೆ, ವಿಗ್ ತಯಾರಕರು' ಎಂದಿತ್ತು.

"ಆವತ್ತು ಫೋನಲ್ಲಿ ಅಜ್ಜಿ ಸರಿಯಾಗೇ ಕೇಳಿಸ್ಕೊಂಡಿದ್ದಾರೆ" ಎಂದರು, ಫೋನಿನ ಕಥೆ ಅತ್ತೆಯಿಂದ ಕೇಳಿದ್ದ ಬಡಗಿ. "ಇದು ವಿಗ್ರಹವೇ. ವಿಗ್ ಇರೋ ಗ್ರಹ!"

ಶಾಲೆಯ ಮಕ್ಕಳು ಅದನ್ನೇ ಹಿಡಿದುಕೊಂಡವು. ತಾರಾಲಯದಲ್ಲಿ ಇವತ್ತಿಗೂ ಅದರ ಹೆಸರು ವಿಗ್ರಹ.

ಮೇಷ್ಟ್ರು ಆಮೇಲೆ ವಿಗ್ ಹಾಕಲಿಲ್ಲ. 'ಚುಕ್ಕಿ'ಯ ಅಲೆಗೂದಲು ಮರದ ತಲೆಯ ಮೇಲೇ ಉಳಿಯಿತು. ಒಳ್ಳೆಯ ಗಿರಾಕಿಯೊಬ್ಬ ಕೈತಪ್ಪಿದ ಎಂದು ಅಜ್ಜಿ ಅಂದರು. ಗಿರಾಕಿ ತಪ್ಪಿದ್ದೇನೋ ನಿಜ, ಮೇಷ್ಟ್ರು ಬರುವುದು ತಪ್ಪಲಿಲ್ಲ. ಈಗ ಬೀದಿ ಕಡೆಯ ಮೆಟ್ಟಿಲಿನಿಂದಲೇ ಬರುತ್ತಾರೆ.

"ಏನು ಬಂದ್ರಿ?" ಎನ್ನುತ್ತಾರೆ ಅತ್ತೆ.

"ಕನ್ನಡಕ ಸಡಿಲ ಆಗಿತ್ತು."

"ಕನ್ನಡಕದಂಗಡಿ ಕೆಳಗಿದೆ."

"ಗೊತ್ತು" ಎಂದು ಕೂರುತ್ತಾರೆ.

ಬಾಲಕ್ಕೂ ಧೂಳು ಹಿಡಿಯುತ್ತದಾದ್ದರಿಂದ ಅತ್ತೆ ಆಗಾಗ ತಾರಾಲಯಕ್ಕೆ ಹೋಗಿ ಅದನ್ನು ಬಾಚಿ ಬರಬೇಕು. ಮೊಣಕಾಲು ನೋವು, ಏಣಿ ಎತ್ತರ. ಹೋದ ತಿಂಗಳು ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಅತ್ತೆ ಏಣಿಯ ಮೇಲೆ ಬಾಚಣಿಗೆ ಹಿಡಿದು ನಿಂತಿದ್ದರು. ಕೆಳಗೆ ಮೇಷ್ಟ್ರು ಎರಡೂ ಕೈಯಲ್ಲಿ ಏಣಿಯನ್ನು ಭದ್ರವಾಗಿ ಹಿಡಿದಿದ್ದರು. ಅವರ ಬೋಳು ತಲೆ ಸರಿಯಾಗಿ ಅತ್ತೆಯ ಮೊಣಕಾಲಿನ ಪಕ್ಕಕ್ಕೆ ಬಂದಿತ್ತು.

ಅಜ್ಜಿ ಬಹಳ ಹೊತ್ತು ನೋಡಿದರು.

"ಎರಡಕ್ಕೂ ಸಂಬಂಧ ಇಲ್ಲ ಅಂತಾರಲ್ಲೋ" ಎಂದರು ನನಗೆ. "ನೋಡ್ತಿರು, ಗಂಟು ಬೀಳುತ್ತೆ."

ಅಜ್ಜಿಯ ಪಿಸುಮಾತಲ್ಲವೇ, ಏಣಿಯ ತುದಿಯವರೆಗೂ ಕೇಳಿಸಿತು. ಮೇಲೆ ಬಾಚಣಿಗೆ ನಿಂತಿತು. ಕೆಳಗೆ ಬೋಳು ತಲೆ ಕಿವಿಯವರೆಗೂ ಕೆಂಪಾಯಿತು. ವಿಗ್ ಇದ್ದಿದ್ದರೆ ಅಷ್ಟು ಕಾಣುತ್ತಿರಲಿಲ್ಲ.